ಆರಿದ ಹಸಿರು ದೀಪ: ತುಮಕೂರಿನ ವರ್ಕ್‌ಶಾಪ್‌ನಿಂದ ಮಲ್ಪೆಯ ಬೋಟ್‌ವರೆಗೆ ಒಂದು ಪ್ರಕರಣ ಅಧ್ಯಯನ

ಟೇಬಲ್ ಮೇಲೆ ಒಂಬತ್ತು ಡಬ್ಬಿಗಳಿದ್ದವು. ನಾಲ್ಕು ತಿಂಗಳ ಹಿಂದೆ ಮಲ್ಪೆಯ ಮೀನುಗಾರಿಕೆ ಬೋಟ್‌ಗಳಿಗೆ ಅಂತ ನಾವೇ ಪ್ಯಾಕ್ ಮಾಡಿ ಕಳಿಸಿದ ಡಬ್ಬಿಗಳು. ಹೋಗುವಾಗ ಬೂದು ಬಣ್ಣ ಹೊಳೆಯುತ್ತಿತ್ತು. ವಾಪಸ್ ಬಂದಾಗ ಮೀನಿನ ವಾಸನೆ, ಡೀಸೆಲ್ ಜಿಡ್ಡು. ಮೇಲ್ನೋಟಕ್ಕೆ ಜಾಸ್ತಿ ಏನೂ ಆಗಿರಲಿಲ್ಲ. ಬೋಲ್ಟ್‌ಗಳ ಸುತ್ತ ಮಾತ್ರ ಪೇಂಟ್ ಗುಳ್ಳೆ ಎದ್ದಿತ್ತು.

ನಮ್ಮ ಫಿಟ್ಟರ್ ಒಂದನ್ನು ವೈಸ್‌ಗೆ ಕಚ್ಚಿಸಿ ಬೋಲ್ಟ್ ಬಿಚ್ಚತೊಡಗಿದ. ಮೊದಲನೆಯದು ಕಿರ್ ಎಂದು ಬಂತು. ಎರಡನೆಯದು ಅಲ್ಲಾಡಲಿಲ್ಲ. ಸ್ಪ್ಯಾನರ್‌ಗೆ ಪೈಪ್ ಹಾಕಿ ಎಳೆದಾಗ ಬೋಲ್ಟ್ ಜೊತೆ ಥ್ರೆಡ್ಡೂ ಕಿತ್ತುಕೊಂಡು ಬಂತು. ತೂತಿನೊಳಗೆಲ್ಲ ಬಿಳಿ ಪುಡಿ. ಬೆರಳಿನಿಂದ ಉಜ್ಜಿದರೆ ರವೆಯ ಹಾಗೆ ಉದುರುತ್ತಿತ್ತು.

"ಬೋರ್ ನೀರಿನ ಉಪ್ಪು ಇದ್ದಂಗೈತೆ ಕಣಣ್ಣ," ಅಂದ.

ತುಮಕೂರಿನಲ್ಲಿ ಬೆಳೆದವರಿಗೆ ಬಿಳಿ ಕಲೆ ಅಂದರೆ ಬೋರ್‌ವೆಲ್ ನೀರೇ. ಗೀಸರ್‌ನಲ್ಲಿ, ನಲ್ಲಿಯಲ್ಲಿ, ಪಾತ್ರೆಯ ತಳದಲ್ಲಿ ದಿನಾ ನೋಡುತ್ತೇವೆ. ನನಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ಮುಚ್ಚಳ ತೆಗೆದೆವು. ತಳದಲ್ಲಿ ಎರಡು ಚಮಚದಷ್ಟು ನೀರು. ತಾಮ್ರದ ಟರ್ಮಿನಲ್‌ಗಳೆಲ್ಲ ಹಸಿರು. ಕೇಬಲ್ ಒಳಗೆ ಬರುವ ಹಿತ್ತಾಳೆ ಗ್ಲ್ಯಾಂಡ್ ಕೈಯಲ್ಲೇ ಅಲ್ಲಾಡುತ್ತಿತ್ತು. ಅದು ಕೂರುವ ಜಾಗವೇ ಕರಗಿ ಹೋಗಿತ್ತು. ಆ ಬಿಳಿ ಪುಡಿ ಹೊರಗಿನಿಂದ ಬಂದು ಕೂತದ್ದಲ್ಲ. ನಮ್ಮ ಡಬ್ಬಿಯ ಅಲ್ಯೂಮಿನಿಯಮ್ಮೇ ಪುಡಿಯಾಗಿತ್ತು.

ಸಮುದ್ರದ ಕೆಲಸ ಇಲ್ಲಿಗೆ ಬಂದದ್ದು

ನಮ್ಮದು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪ್. ಎರಡು ಸಿಎನ್‌ಸಿ, ಒಂದು ಹಳೆಯ ಲೇತ್, ಒಂದು ಮಿಲ್ಲಿಂಗ್ ಮಷಿನ್, ಹನ್ನೊಂದು ಜನ. ಹೆಚ್ಚಿನದು ಪಂಪ್ ಮತ್ತು ಆಟೋಮೊಬೈಲ್ ಜಾಬ್ ವರ್ಕ್. ಡ್ರಾಯಿಂಗ್ ಬರುತ್ತದೆ, ಮಾಡಿ ಕೊಡುತ್ತೇವೆ. ಅದು ಎಲ್ಲಿ ಹೋಗಿ ಕೂರುತ್ತದೆ ಅಂತ ಕೇಳುವ ಅಭ್ಯಾಸ ನಮ್ಮಂಥವರಿಗೆ ಕಡಿಮೆ. ಈ ಪ್ರಕರಣದ ಬೇರು ಇಲ್ಲೇ ಇದೆ.

ಬೆಂಗಳೂರಿನ ಒಂದು ಸಣ್ಣ ಕಂಪನಿ ಮೀನುಗಾರಿಕೆ ಬೋಟ್‌ಗಳ ಜಾಗ ತಿಳಿಸುವ ಉಪಕರಣ ಮಾಡುತ್ತಿತ್ತು. ಒಳಗಿನ ಸರ್ಕ್ಯೂಟ್ ಅವರದು. ಹೊರಗಿನ ಡಬ್ಬಿ ಮತ್ತು ಅದನ್ನು ಕ್ಯಾಬಿನ್ ಮೇಲೆ ಕೂರಿಸುವ ಬ್ರ್ಯಾಕೆಟ್ ನಮ್ಮದು. ಮೊದಲ ಪ್ರಯೋಗಕ್ಕೆ 24 ಡಬ್ಬಿ. ಆಗಸ್ಟ್‌ನಲ್ಲಿ ಮಲ್ಪೆಯ 24 ಬೋಟ್‌ಗಳಿಗೆ ಹಾಕಿದರು. ಡಿಸೆಂಬರ್‌ಗೆ ಒಂಬತ್ತು ಸತ್ತು ವಾಪಸ್ ಬಂದವು.

ಸಮುದ್ರವಿಲ್ಲದ ಜಿಲ್ಲೆಗೆ ಸಮುದ್ರದ ಕೆಲಸ ಬರುವುದು ವಿಚಿತ್ರವೇನಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅದೇ ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರ್‌ಗಳು ಕಡಲು ಕಾಯುವ ಕೋಸ್ಟ್ ಗಾರ್ಡ್ ಬಳಿಯೂ ಇವೆ. ನಮ್ಮ ಪಕ್ಕದ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ವಿಶಾಖಪಟ್ಟಣ ಬಂದರನ್ನು ಕಡಲಕೊರೆತದಿಂದ ಉಳಿಸುವ ಕೆಲಸಕ್ಕೆ ಸಲಹೆ ಕೊಟ್ಟವರು. ಊರು ಎಲ್ಲಿದ್ದರೂ ಕೆಲಸ ಮಾಡಬಹುದು. ಆದರೆ ಕೆಲಸ ಹೋಗಿ ಕೂರುವ ಜಾಗ ಹೇಗಿದೆ ಅಂತ ಗೊತ್ತಿರಬೇಕು. ನಮಗೆ ಗೊತ್ತಿರಲಿಲ್ಲ.

ಒಂದು ಡಬ್ಬಿ ಸತ್ತರೆ ಏನಾಗುತ್ತದೆ?

ಡಬ್ಬಿಗಳು ವಾಪಸ್ ಬಂದ ದಿನ ನಾನು ಇದನ್ನು ಬರೀ ರಿಜೆಕ್ಷನ್ ಅಂತಲೇ ನೋಡಿದ್ದೆ. ದುಡ್ಡು ಹೋಯಿತು, ಹೆಸರು ಹೋಯಿತು ಎನ್ನುವ ಚಿಂತೆ. ಇದು ಅಷ್ಟಕ್ಕೇ ನಿಲ್ಲುವ ವಿಷಯವಲ್ಲ ಅಂತ ಅರ್ಥವಾಗಲು ನಾನು ಸ್ವಲ್ಪ ಓದಬೇಕಾಯಿತು, ಕೆಲವರನ್ನು ಕೇಳಬೇಕಾಯಿತು.

2008ರ ನವೆಂಬರ್ 26 ನೆನಪಿದೆ ಅಲ್ವಾ? ಹತ್ತು ಜನ ಉಗ್ರರು ಮುಂಬೈಗೆ ಸಮುದ್ರದಿಂದಲೇ ಬಂದರು. ಕುಬೇರ್ ಎಂಬ ಭಾರತದ್ದೇ ಮೀನುಗಾರಿಕೆ ಬೋಟನ್ನು ದಾರಿಯಲ್ಲಿ ವಶ ಮಾಡಿಕೊಂಡಿದ್ದರು. ದಡದ ಹತ್ತಿರ ಬಂದು ಗಾಳಿ ತುಂಬುವ ರಬ್ಬರ್ ದೋಣಿಗೆ ಇಳಿದರು. ಆ ದಾಳಿಯಲ್ಲಿ 166 ಜನ ಸತ್ತರು. ಕುಬೇರ್ ಯಾರ ಕಣ್ಣಿಗೂ ಬೀಳಲಿಲ್ಲ. ಕಾರಣ ತುಂಬಾ ಸರಳ. ಆ ಕಡಲಿನಲ್ಲಿ ಅಂಥ ನೂರಾರು ಬೋಟ್‌ಗಳು ದಿನಾ ಓಡಾಡುತ್ತವೆ. ನೂರರಲ್ಲಿ ಒಂದು ಬೋಟ್ ಬೇರೆಯವರ ಕೈಯಲ್ಲಿದೆ ಅಂತ ದಡದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಅದಾದ ಮೇಲೆ ಕರಾವಳಿ ಕಾವಲಿನ ವ್ಯವಸ್ಥೆಯೇ ಬದಲಾಯಿತು. 2009ರಲ್ಲಿ ಕರಾವಳಿಯೂ ಸೇರಿ ಕಡಲ ಭದ್ರತೆಯ ಒಟ್ಟು ಹೊಣೆಯನ್ನು ನೌಕಾಪಡೆಗೆ ಕೊಟ್ಟರು. ದಡದ ಉದ್ದಕ್ಕೂ ರಾಡಾರ್ ಸರಪಳಿ ಬಂತು. ಮೊದಲ ಹಂತದಲ್ಲಿ 46 ರಾಡಾರ್‌ಗಳು, ಮುಖ್ಯಭೂಮಿಯಲ್ಲಿ 36, ದ್ವೀಪಗಳಲ್ಲಿ 10. ಮಾಡಿ ಕೊಟ್ಟದ್ದು ನಮ್ಮ ಬೆಂಗಳೂರಿನ ಬಿಇಎಲ್. ಎಲ್ಲ ಕಡೆಯ ಮಾಹಿತಿ ಸೇರಿಸಿ ನೋಡುವ ಕೇಂದ್ರ 2014ರಲ್ಲಿ ಗುರುಗ್ರಾಮದಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಕರಾವಳಿ ಕಾವಲು ಪೊಲೀಸರ ಒಂಬತ್ತು ಠಾಣೆಗಳಿವೆ, ಕೇಂದ್ರ ಕಚೇರಿ ಮಲ್ಪೆಯಲ್ಲೇ ಇದೆ.

ಆದರೆ ರಾಡಾರ್‌ಗೆ ಒಂದು ಮಿತಿ ಇದೆ. ಅದಕ್ಕೆ ಒಂದು ಚುಕ್ಕಿ ಕಾಣುತ್ತದೆ, ಚುಕ್ಕಿಯ ಹೆಸರು ಕಾಣುವುದಿಲ್ಲ. ಮರದ ಮತ್ತು ಫೈಬರ್‌ನ ಸಣ್ಣ ದೋಣಿಗಳಂತೂ ಸರಿಯಾಗಿ ಕಾಣುವುದೇ ಕಷ್ಟ. ಹೆಸರು ಹೇಳಬೇಕಾದದ್ದು ಬೋಟೇ. "ನಾನು ಇಂಥ ಬೋಟು, ಇಂಥ ಜಾಗದಲ್ಲಿದ್ದೇನೆ" ಅಂತ ತಾನಾಗಿ ಕೂಗಿ ಹೇಳುವ ಉಪಕರಣ ಬೇಕು. 20 ಮೀಟರ್‌ಗಿಂತ ಉದ್ದದ ಮೀನುಗಾರಿಕೆ ಬೋಟ್‌ಗಳಿಗೆ ಎಐಎಸ್ ಎಂಬ ಇಂಥ ಉಪಕರಣ ಕಡ್ಡಾಯವಾದದ್ದು ಅದಕ್ಕೇ. ಎಐಎಸ್ ವಿಎಚ್‌ಎಫ್ ರೇಡಿಯೋದಲ್ಲಿ ನಡೆಯುವುದರಿಂದ ಭೂಮಿಯ ಬಾಗು ಅಡ್ಡ ಬಂದು ಆಳಸಮುದ್ರದಿಂದ ದಡಕ್ಕೆ ತಲುಪುವುದಿಲ್ಲ. ಅಷ್ಟು ದೂರಕ್ಕೆ ಉಪಗ್ರಹವೇ ಬೇಕು. ಇಸ್ರೋ ಅಭಿವೃದ್ಧಿಪಡಿಸಿದ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಟ್ರಾನ್ಸ್‌ಪಾಂಡರ್‌ಗಳನ್ನು 1 ಲಕ್ಷ ಬೋಟ್‌ಗಳಿಗೆ ಹಾಕುವ 364 ಕೋಟಿ ರೂಪಾಯಿಯ ಯೋಜನೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಶುರುವಾಯಿತು. ದಡದಿಂದ ಬೋಟಿಗೂ, ಬೋಟಿನಿಂದ ದಡಕ್ಕೂ ಸಂದೇಶ ಹೋಗುತ್ತದೆ. ನಾವು ಮಾಡಿದ್ದು ಆ ಯೋಜನೆಯ ಉಪಕರಣ ಅಲ್ಲ, ಬೇರೆಯದು. ಉದ್ದೇಶ ಮಾತ್ರ ಹತ್ತಿರದ್ದೇ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ವ್ಯವಸ್ಥೆ ನಡೆಯುವುದು ಒಂದೇ ಲೆಕ್ಕದ ಮೇಲೆ. ಹೆಸರು ಹೇಳುವ ಚುಕ್ಕಿಗಳನ್ನೆಲ್ಲ ಪಕ್ಕಕ್ಕಿಟ್ಟರೆ ಉಳಿಯುವ ಚುಕ್ಕಿಗಳ ಮೇಲೆ ಕಣ್ಣಿಡಬಹುದು. ಪ್ರತಿ ಸತ್ತ ಡಬ್ಬಿಯೂ ಇನ್ನೊಂದು ಹೆಸರಿಲ್ಲದ ಚುಕ್ಕಿ. ನನ್ನ ವರ್ಕ್‌ಶಾಪ್‌ನಿಂದ ಹೋದ ಒಂಬತ್ತು ಡಬ್ಬಿಗಳು ಒಂಬತ್ತು ಒಳ್ಳೆಯ ಬೋಟ್‌ಗಳನ್ನು ಅನುಮಾನದ ಸಾಲಿಗೆ ತಳ್ಳಿದ್ದವು.

ಇನ್ನೊಂದು ಮುಖವೂ ಇದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನ ಮೀನುಗಾರರ ಜೊತೆ ಕಾಣೆಯಾಯಿತು. ಅವರ ಮನೆಯವರು ತಿಂಗಳುಗಟ್ಟಲೆ ಕಾದರು. ಕರಾವಳಿಯಲ್ಲಿ ಹೆದ್ದಾರಿ ತಡೆದು ಪ್ರತಿಭಟನೆ ನಡೆಯಿತು. ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯ ಹಡಗು ಮಹಾರಾಷ್ಟ್ರದ ಮಾಲ್ವಣ್ ಆಚೆ ಕಡಲ ತಳದಲ್ಲಿ ಅವಶೇಷ ಪತ್ತೆ ಮಾಡಿತು. ಬೋಟ್ ಕೊನೆಯ ಸಲ ಎಲ್ಲಿತ್ತು ಅಂತ ಗೊತ್ತಿದ್ದಿದ್ದರೆ ಹುಡುಕುವ ಜಾಗವಾದರೂ ಚಿಕ್ಕದಾಗುತ್ತಿತ್ತು. ಮಲ್ಪೆಯಲ್ಲಿ ಆ ಹೆಸರು ಹೇಳಿದರೆ ಇವತ್ತಿಗೂ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ. ನಾನೇ ಕಂಡಿದ್ದೇನೆ.

ಮಲ್ಪೆಯ ದಕ್ಕೆಯಲ್ಲಿ

ತುಮಕೂರಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 73 ಗುಬ್ಬಿ, ತಿಪಟೂರು, ಅರಸೀಕೆರೆ, ಬೇಲೂರು, ಚಾರ್ಮಾಡಿ ದಾಟಿ ಮಂಗಳೂರಿಗೆ ಹೋಗಿ ಮುಗಿಯುತ್ತದೆ. ಅಂದರೆ ನಮ್ಮ ಊರಿನ ರಸ್ತೆಯ ಇನ್ನೊಂದು ತುದಿಯಲ್ಲಿ ಸಮುದ್ರ ಇದೆ. ಇಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿದರೂ ಅದು ನನಗೆ ಹೊಳೆದಿರಲಿಲ್ಲ. ಫಿಟ್ಟರ್‌ನನ್ನು ಕರೆದುಕೊಂಡು ಅದೇ ರಸ್ತೆಯಲ್ಲಿ ಹೋಗಿ, ಮಂಗಳೂರಿನಿಂದ ಬಲಕ್ಕೆ ತಿರುಗಿ ಮಲ್ಪೆ ಸೇರಿದೆ.

ದಕ್ಕೆಯಲ್ಲಿ, ಅಂದರೆ ಬೋಟ್ ಕಟ್ಟುವ ಕಟ್ಟೆಯಲ್ಲಿ, ನಮ್ಮ ಡಬ್ಬಿ ಇದ್ದ ಒಂದು ಟ್ರಾಲ್ ಬೋಟ್ ಹತ್ತಿದೆವು. ಕ್ಯಾಬಿನ್ ಮೇಲೆ ನಿಂತಾಗ ನನಗೆ ಮೊದಲು ಗೊತ್ತಾದದ್ದು ನಡುಕ. ಎಂಜಿನ್ ಸುಮ್ಮನೆ ಓಡುತ್ತಿತ್ತು ಅಷ್ಟೆ, ಬೋಟ್ ಕಟ್ಟಿಯೇ ಇತ್ತು. ಆದರೂ ಕಾಲಿನ ಅಡಿಯಿಂದ ಹಲ್ಲಿನವರೆಗೆ ನಡುಗುತ್ತಿತ್ತು. ನಮ್ಮ ಬ್ರ್ಯಾಕೆಟ್ ಆ ನಡುಕದಲ್ಲಿ ಹತ್ತು ದಿನ ಹಗಲು ರಾತ್ರಿ ಇರಬೇಕು. ಡ್ರಾಯಿಂಗ್‌ನಲ್ಲಿ ಇದರ ಬಗ್ಗೆ ಒಂದು ಅಕ್ಷರ ಇರಲಿಲ್ಲ. ನಾವೂ ಕೇಳಿರಲಿಲ್ಲ.

ಬೋಟ್ ನಡೆಸುವ ತಾಂಡೇಲರಿಗೆ ಐವತ್ತರ ಮೇಲಿನ ವಯಸ್ಸು. ನಾವು ತಪ್ಪು ಒಪ್ಪಿಕೊಳ್ಳಲು ಬಂದವರು ಅಂತ ಗೊತ್ತಾದ ಮೇಲೆ ಚಹಾ ತರಿಸಿದರು.

"ಡಬ್ಬ ಉಂಟು ಮಾರಾಯ್ರೆ. ಅದು ಬದುಕಿ ಉಂಟಾ ಸತ್ತು ಉಂಟಾ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಅಂದರು.

ಉಪಕರಣ ಕೆಲಸ ಮಾಡುತ್ತಿದ್ದರೆ ಒಂದು ಹಸಿರು ದೀಪ ಉರಿಯುತ್ತದೆ. ಆ ದೀಪವನ್ನು ಡಬ್ಬಿಯ ಮುಚ್ಚಳದ ಮೇಲೆ ಇಟ್ಟಿದ್ದೆವು. ಡಬ್ಬಿ ಕ್ಯಾಬಿನ್ ಸೂರಿನ ಮೇಲೆ. ತಾಂಡೇಲರು ಸೂರಿನ ಕೆಳಗೆ ಸ್ಟೇರಿಂಗ್ ಹಿಡಿದು ನಿಂತಿರುತ್ತಾರೆ. ದೀಪ ಕಾಣುತ್ತಿದ್ದದ್ದು ಕಾಗೆಗೆ, ಹದ್ದಿಗೆ. ಬೆಂಗಳೂರಿನ ಟೇಬಲ್ ಮೇಲೆ ಇಟ್ಟು ನೋಡಿದಾಗ ಅದು ಸರಿಯಾದ ಜಾಗದಲ್ಲೇ ಇತ್ತು.

ಕಂಪನಿಯ ಪರದೆಯ ಕಡೆಯಿಂದಲೂ ಅದೇ ಕಥೆ. ಡಬ್ಬಿ ಮಾತು ನಿಲ್ಲಿಸಿದರೆ ಪರದೆಯ ಮೇಲೆ ಬೋಟ್ ಬೂದು ಬಣ್ಣಕ್ಕೆ ತಿರುಗಿ ಕೊನೆಯ ಜಾಗದಲ್ಲೇ ನಿಲ್ಲುತ್ತಿತ್ತು. ಬೋಟ್ ಬಂದರಿನಲ್ಲಿ ಸ್ವಿಚ್ ಆಫ್ ಮಾಡಿದ್ದಾರೆ ಅಂತ ನೋಡುವವರು ತಿಳಿದುಕೊಳ್ಳುತ್ತಿದ್ದರು. ಆಫ್ ಮಾಡಿದ್ದು, ಕೆಟ್ಟದ್ದು, ಮುಳುಗಿದ್ದು, ಮೂರಕ್ಕೂ ಒಂದೇ ಬೂದು. ಈ ಒಂಬತ್ತು ಡಬ್ಬಿಗಳು ಯಾವ ದಿನ ಸತ್ತವು ಅಂತ ಇವತ್ತಿಗೂ ಸರಿಯಾಗಿ ಹೇಳಲು ಆಗುವುದಿಲ್ಲ. ನನ್ನನ್ನು ಕಾಡಿದ್ದು ತುಕ್ಕಿಗಿಂತ ಜಾಸ್ತಿ ಇದೇ.

ಲೋಹದ ಪಾಠವನ್ನೂ ಹೇಳಿಕೊಟ್ಟದ್ದು ಅದೇ ತಾಂಡೇಲರು. ಪಕ್ಕದಲ್ಲಿ ರಿಪೇರಿಗೆ ಮೇಲೆ ಎಳೆದಿದ್ದ ಒಂದು ಬೋಟಿನ ಕೆಳಗೆ ಕರೆದುಕೊಂಡು ಹೋದರು. ಪ್ರೊಪೆಲ್ಲರ್ ಹತ್ತಿರ ಸತುವಿನ ಗಟ್ಟಿಗಳನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಅರ್ಧಕ್ಕೂ ಜಾಸ್ತಿ ಸವೆದು, ಇಲಿ ಕಡಿದ ಬೆಲ್ಲದ ಅಚ್ಚಿನ ಹಾಗೆ ಕಾಣುತ್ತಿದ್ದವು.

"ಸಮುದ್ರಕ್ಕೆ ತಿನ್ಲಿಕ್ಕೆ ಏನಾದ್ರೂ ಕೊಡ್ಬೇಕು ಸರ್. ಜಿಂಕ್ ಕೊಟ್ರೆ ಫ್ಯಾನ್ ಉಳೀತದೆ. ನಿಮ್ಮ ಡಬ್ಬದಲ್ಲಿ ತಿನ್ಲಿಕ್ಕೆ ಎಂತ ಉಂಟು?"

ಅವರು ಫ್ಯಾನ್ ಅನ್ನುವುದು ಪ್ರೊಪೆಲ್ಲರ್‌ಗೆ. ನಾನು ಡಿಪ್ಲೊಮಾದಲ್ಲಿ ಎರಡು ಲೋಹಗಳ ತುಕ್ಕಿನ ಬಗ್ಗೆ ಓದಿ, ಪರೀಕ್ಷೆ ಬರೆದು, ಪಾಸೂ ಆಗಿದ್ದೆ. ಅದು ಕಣ್ಣಿಗೆ ಕಂಡದ್ದು ಆ ದಿನ.

ಏನೇನು ತಪ್ಪಿತ್ತು

ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಗುಲಿರಬೇಕು, ನಡುವೆ ಉಪ್ಪುನೀರು ಇರಬೇಕು. ಅಷ್ಟಿದ್ದರೆ ಅದು ಬ್ಯಾಟರಿ. ಕರೆಂಟ್ ಹರಿಯುತ್ತದೆ, ಎರಡರಲ್ಲಿ ಒಂದು ಲೋಹ ಕರಗುತ್ತದೆ. ನಮ್ಮ ಡಬ್ಬಿ ಅಲ್ಯೂಮಿನಿಯಂ, ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲ್, ಗ್ಲ್ಯಾಂಡ್ ನಿಕಲ್ ಲೇಪಿಸಿದ ಹಿತ್ತಾಳೆ. ಮೂರರಲ್ಲಿ ಬಡಪಾಯಿ ಅಲ್ಯೂಮಿನಿಯಂ. ಕರಗಬೇಕಾದದ್ದು ಅದೇ. ಹಿತ್ತಾಳೆ ಜೊತೆಗಂತೂ ಅದರ ಸಂಬಂಧ ತುಂಬಾ ಕೆಟ್ಟದ್ದು.

ಡಬ್ಬಿಯ ಮೇಲೆ ಪೇಂಟಿನ ಹಾಗೆ ಪೌಡರ್ ಕೋಟಿಂಗ್ ಇತ್ತಲ್ಲ, ಅದು ಕಾಪಾಡಬೇಕಿತ್ತಲ್ಲ ಅಂತ ಕೇಳಬಹುದು. ಕೋಟಿಂಗ್ ಆದ ಮೇಲೆ ನಾವು ಬೋಲ್ಟ್ ಬಿಗಿ ಮಾಡಿದ್ದೆವು. ಬಿಗಿ ಮಾಡುವಾಗ ವಾಷರ್ ತಿರುಗಿ ಅದರ ಅಡಿಯ ಕೋಟಿಂಗ್ ಕೂದಲೆಳೆಯಷ್ಟು ಸೀಳಿತು. ಎಂಜಿನ್ ನಡುಕಕ್ಕೆ ಸೀಳು ಅಗಲವಾಯಿತು. ಉಪ್ಪುನೀರು ಅಲ್ಲಿಂದ ಒಳಗೆ ಹೋಗಿ ಕೋಟಿಂಗ್ ಅಡಿಯಲ್ಲೇ ಹರಡಿತು. ಅದಕ್ಕೇ ಹೊರಗಿನಿಂದ ಬರೀ ಗುಳ್ಳೆ ಕಂಡದ್ದು. ಇಡೀ ಡಬ್ಬಿಗೆ ಹರಡಬೇಕಾದ ತುಕ್ಕು ಆ ಸಣ್ಣ ಸೀಳಿನ ಜಾಗದಲ್ಲೇ ಆಳಕ್ಕೆ ಇಳಿಯಿತು.

ಬೋಲ್ಟ್ ಬಗ್ಗೆಯೂ ಹೇಳಬೇಕು. ನಾವು ಹಾಕಿದ್ದು 304 ಸ್ಟೇನ್‌ಲೆಸ್. ನಮ್ಮ ಊರಿನಲ್ಲಿ ಅದೇ ಒಳ್ಳೆಯ ಮಾಲು. ಆದರೆ ಕಡಲ ಗಾಳಿಯಲ್ಲಿ ಅದರ ಮೇಲೂ ಕಂದು ಚುಕ್ಕೆ ಬಂದು ಗುಳಿ ಬೀಳುತ್ತದೆ. ಸಮುದ್ರಕ್ಕೆ 316 ಬೇಕು. ಅದರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿರುತ್ತದೆ. ಉಪ್ಪಿನ ಗುಳಿಯನ್ನು ತಡೆಯುವುದು ಅದೇ.

ಒಳಗೆ ನೀರು ಹೋದದ್ದು ಹೇಗೆ ಅನ್ನುವುದೇ ನಮಗೆ ಬಹಳ ದಿನ ಅರ್ಥವಾಗಿರಲಿಲ್ಲ. ಗ್ಲ್ಯಾಂಡ್ ಸಡಿಲವಾದ ಡಬ್ಬಿಗಳದ್ದು ಸರಿ. ಗ್ಲ್ಯಾಂಡ್, ಗ್ಯಾಸ್ಕೆಟ್ ಎರಡೂ ನೆಟ್ಟಗಿದ್ದ ಮೂರು ಡಬ್ಬಿಗಳಲ್ಲೂ ತೇವ ಇತ್ತು. ಉತ್ತರ ಕೊಟ್ಟದ್ದು ಫಿಟ್ಟರ್‌ನ ಮನೆಯ ಟಿಫಿನ್ ಡಬ್ಬಿ. ಬಿಸಿ ಅನ್ನ ಹಾಕಿ ಮುಚ್ಚಿದರೆ ತಣ್ಣಗಾದ ಮೇಲೆ ಮುಚ್ಚಳ ತೆಗೆಯಲು ಬರುವುದಿಲ್ಲ, ಒಳಗೆ ಎಳೆದುಕೊಂಡಿರುತ್ತದೆ. ನಮ್ಮ ಡಬ್ಬಿಯೂ ಹಗಲು ಬಿಸಿಲಿಗೆ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಸಂಜೆ ಒಂದು ಅಲೆ ಬಂದು ಬಡಿದರೆ ತಟ್ಟನೆ ತಣಿಯುತ್ತದೆ. ಆಗ ಗ್ಯಾಸ್ಕೆಟ್ ಸಂದಿಯಿಂದ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗೆ ಇರುವುದು ಉಪ್ಪುಗಾಳಿ. ದಿನಕ್ಕೆ ಎರಡು ಹನಿ ಹೋದರೂ ನಾಲ್ಕು ತಿಂಗಳಿಗೆ ಎರಡು ಚಮಚ ಆಗುತ್ತದೆ. ಎಷ್ಟು ಗಟ್ಟಿಯಾಗಿ ಮುಚ್ಚಿದರೆ ಅಷ್ಟು ಒಳ್ಳೆಯದು ಅಂತ ನಾವು ತಿಳಿದಿದ್ದೆವು. ಡಬ್ಬಿಗೂ ಉಸಿರಾಡಲು ಜಾಗ ಬೇಕಿತ್ತು.

ಇಷ್ಟೆಲ್ಲ ಆಗಿಯೂ ನಮ್ಮ ಹತ್ತಿರ ಪಾಸ್ ಸರ್ಟಿಫಿಕೇಟ್ ಇತ್ತು. ಉಪ್ಪುನೀರಿನ ಮಂಜಿನ ಪರೀಕ್ಷೆಗೆ ಕಳಿಸಿದ್ದೆವು. 35 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ಶೇ 5ರ ಉಪ್ಪುನೀರನ್ನು ಮಂಜಿನ ಹಾಗೆ ಬಿಡುತ್ತಲೇ ಇರುತ್ತಾರೆ. ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು ಶೇ 3.5. ಐದರಲ್ಲಿ 500 ಗಂಟೆ ಪಾಸಾದರೆ ಮೂರೂವರೆಗೆ ಏನು ಭಯ ಅಂತ ನಾನು ಲೆಕ್ಕ ಹಾಕಿದ್ದೆ. ಲೆಕ್ಕ ತಪ್ಪಾದದ್ದು ಎರಡು ಕಡೆ. ಆ ಪರೀಕ್ಷೆಯಲ್ಲಿ ಒದ್ದೆ ಒಣ, ಒದ್ದೆ ಒಣ ಅನ್ನುವ ಆಟ ಇಲ್ಲ, ಬಿಸಿಲಿಲ್ಲ, ನಡುಕ ಇಲ್ಲ. ಅದಕ್ಕಿಂತ ದೊಡ್ಡದು, ನಾವು ಪರೀಕ್ಷೆಗೆ ಕಳಿಸಿದ್ದು ಡಬ್ಬಿಯನ್ನೇ ಅಲ್ಲ. ಅಂಗೈ ಅಗಲದ ಕೋಟಿಂಗ್ ಮಾಡಿದ ತಗಡು. ಬೋಲ್ಟ್ ಇಲ್ಲ, ಗ್ಲ್ಯಾಂಡ್ ಇಲ್ಲ, ಗ್ಯಾಸ್ಕೆಟ್ ಇಲ್ಲ. ಇಡೀ ಡಬ್ಬಿ ಕಳಿಸಿದರೆ ಖರ್ಚು ಜಾಸ್ತಿ ಅಂತ ನಾನೇ ತಗಡು ಸಾಕು ಅಂದಿದ್ದೆ. ತಗಡು ಪಾಸಾಯಿತು. ಸಮುದ್ರಕ್ಕೆ ಹೋದದ್ದು ಡಬ್ಬಿ.

ಬದಲಾಯಿಸಿದ್ದು

ವಾಪಸ್ ಬಂದ ಮೇಲೆ ನಮ್ಮೊಳಗೇ ದೊಡ್ಡ ವಾದ ಆಯಿತು. ಸರಿಯಾದ ದಾರಿ ಅಂದರೆ ಡಬ್ಬಿಯನ್ನು ಲೋಹದಲ್ಲಿ ಮಾಡುವುದನ್ನೇ ಬಿಡುವುದು. ಬಿಸಿಲು ತಡೆಯುವ ಪಾಲಿಕಾರ್ಬೊನೇಟ್ ಡಬ್ಬಿಗಳು ಸಿಗುತ್ತವೆ. ತುಕ್ಕಿನ ಮಾತೇ ಇಲ್ಲ, ಆಂಟೆನಾದ ಸಿಗ್ನಲ್‌ಗೂ ಅಡ್ಡ ಬರುವುದಿಲ್ಲ. ಆದರೆ ನಮ್ಮದು ಲೋಹದ ವರ್ಕ್‌ಶಾಪ್. ಡಬ್ಬಿ ಪ್ಲಾಸ್ಟಿಕ್ ಆದರೆ ಆರ್ಡರ್‌ನ ಅರ್ಧಕ್ಕೂ ಜಾಸ್ತಿ ದುಡ್ಡು ನಮ್ಮ ಕೈಬಿಡುತ್ತದೆ.

"ದಪ್ಪ ಅನೋಡೈಸಿಂಗ್ ಮಾಡ್ಸಿ ಇನ್ನೊಂದ್ ಸಲ ನೋಡಾಣ ಬಿಡಣ್ಣ, ಕೆಲ್ಸ ಯಾಕ್ ಬಿಟ್‌ಕೊಡೋದು?" ಅಂತ ಹುಡುಗರು ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಅಲ್ಯೂಮಿನಿಯಂ ಮೇಲೆ ಗಟ್ಟಿ ಪದರ ಬೆಳೆಸುವ ಅನೋಡೈಸಿಂಗ್‌ನಿಂದ ಸ್ವಲ್ಪ ದಿನ ಜಾಸ್ತಿ ಬಾಳಿಕೆಯೂ ಬರುತ್ತಿತ್ತು. ನಾನು ಎರಡು ದಿನ ನಿದ್ದೆ ಮಾಡಲಿಲ್ಲ. ಮೂರನೇ ದಿನ ಬೆಂಗಳೂರಿಗೆ ಫೋನ್ ಮಾಡಿ ಡಬ್ಬಿ ಪ್ಲಾಸ್ಟಿಕ್‌ನದೇ ಆಗಲಿ, ಬ್ರ್ಯಾಕೆಟ್ ನಮಗಿರಲಿ ಅಂದೆ. ಆ ತಿಂಗಳು ಸಂಬಳಕ್ಕೆ ಸಾಲ ಮಾಡಬೇಕಾಯಿತು.

ಬ್ರ್ಯಾಕೆಟ್ ಈಗ 316ರಲ್ಲಿ. ಬೋಲ್ಟ್, ನಟ್, ವಾಷರ್ ಎಲ್ಲವೂ 316, ನಡುಕಕ್ಕೆ ಸಡಿಲವಾಗದ ನೈಲಾಕ್ ನಟ್. ಬೋಟಿನ ಕಡೆ ಬೇರೆ ಲೋಹ ಇದ್ದರೆ ತಗುಲಬಾರದು ಅಂತ ನಡುವೆ ನೈಲಾನ್ ಬುಷ್ ಮತ್ತು ರಬ್ಬರ್ ಪ್ಯಾಡ್. ಬುಷ್ ಅನ್ನು ನಮ್ಮ ಹಳೆಯ ಲೇತ್‌ನಲ್ಲೇ ತಿರುಗಿಸುತ್ತೇವೆ. ಬೆಲೆ ನೋಡಿದರೆ ಚಹಾದ ದುಡ್ಡು, ಆದರೆ ಇಡೀ ಡಬ್ಬಿ ನಿಂತಿರುವುದು ಅದರ ಮೇಲೆ. ಗ್ಲ್ಯಾಂಡ್ ಕೂಡ ನೈಲಾನ್, ಡಬ್ಬಿಯ ಅಡಿಗೆ ಬಂತು. ಕೇಬಲ್ ಒಳಗೆ ಹೋಗುವ ಮುಂಚೆ ಒಂದು ಸುತ್ತು ಕೆಳಗೆ ಜೋತುಬೀಳುವ ಹಾಗೆ ಬಿಡುತ್ತೇವೆ. ನೀರು ಕೇಬಲ್ ಹಿಡಿದುಕೊಂಡು ಬಂದರೂ ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಉಸಿರಾಟಕ್ಕೆ ಒಂದು ಸಣ್ಣ ವೆಂಟ್ ಹಾಕಿದೆವು. ಅದರ ಪೊರೆ ಗಾಳಿಯನ್ನು ಬಿಡುತ್ತದೆ, ನೀರನ್ನು ಬಿಡುವುದಿಲ್ಲ.

ದೀಪ ಕೆಳಗೆ ಇಳಿದು ತಾಂಡೇಲರ ಕಣ್ಣಿನ ಎದುರು ಬಂತು, ವಯರ್‌ಲೆಸ್ ಸೆಟ್ ಪಕ್ಕದಲ್ಲಿ. ಪರದೆಯ ಬೂದು ಬಣ್ಣವನ್ನೂ ಕಂಪನಿಯವರು ತೆಗೆದರು. ಈಗ ಆಫ್ ಮಾಡುವಾಗ ಉಪಕರಣ "ನನ್ನನ್ನು ನಿಲ್ಲಿಸುತ್ತಿದ್ದಾರೆ" ಅಂತ ಒಂದು ಕೊನೆಯ ಸಂದೇಶ ಕಳಿಸುತ್ತದೆ. ಆ ಸಂದೇಶ ಇಲ್ಲದೆ ಮಾತು ನಿಂತರೆ ಬೋಟ್ ಕೆಂಪಾಗುತ್ತದೆ, ಮಾಲೀಕರಿಗೆ ಫೋನ್ ಹೋಗುತ್ತದೆ. ಸಮುದ್ರದಲ್ಲಿ ಅಪಾಯ ಅನ್ನಿಸಿದರೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಪೊಲೀಸರ 1093 ನಂಬರ್‌ಗಳಿವೆ. ಆ ಎರಡು ನಂಬರ್‌ಗಳ ಸ್ಟಿಕ್ಕರ್ ಅನ್ನು ದೀಪದ ಪಕ್ಕದಲ್ಲೇ ಅಂಟಿಸುತ್ತೇವೆ.

ಇನ್ನೂ ಬಗೆಹರಿಯದ್ದು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟ್‌ಗಳು ದಕ್ಕೆಯಲ್ಲಿ ನಿಂತಿರುವ ಆ ಎರಡು ತಿಂಗಳಲ್ಲಿ ಹೊಸ ಡಬ್ಬಿ ಹಾಕಿದೆವು. ಒಂದು ಪೂರ್ತಿ ಸೀಸನ್ ಮುಗಿದ ಮೇಲೆ ಹೋಗಿ ಎಲ್ಲ 24 ಬಿಚ್ಚಿ ನೋಡಿದೆವು. ಒಳಗೆ ನೀರಿಲ್ಲ. ಬೋಲ್ಟ್‌ಗಳು ಕೈಸ್ಪ್ಯಾನರ್‌ಗೇ ಬಂದವು. ಎರಡರಲ್ಲಿ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಚಪ್ಪಟೆಯಾಗಿತ್ತು, ಬದಲಾಯಿಸಿದೆವು. ಒಂದರ ಕೇಬಲ್ ಬಲೆಯ ಹಗ್ಗಕ್ಕೆ ಸಿಕ್ಕಿ ಕತ್ತರಿಸಿತ್ತು. ಅದು ಕೆಂಪಾದ ದಿನವೇ ಗೊತ್ತಾಗಿತ್ತು, ಬೋಟ್ ಬಂದರಿಗೆ ಬಂದಾಗ ಸರಿ ಮಾಡಿದ್ದರು.

ಆದರೆ ನಾಲ್ಕು ಬೋಟ್‌ಗಳಲ್ಲಿ ಉಪಕರಣ ಚೆನ್ನಾಗಿದ್ದೂ ಬಹಳ ದಿನ ಆಫ್ ಆಗಿತ್ತು. ಬೇಕೆಂದೇ ಆಫ್ ಮಾಡಿದ್ದರು. ಕೇಳಿದರೆ ಮೊದಲು ಬ್ಯಾಟರಿ ಅಂದರು. ಚಹಾ ಕುಡಿದ ಮೇಲೆ ನಿಜ ಹೇಳಿದರು. ಒಳ್ಳೆಯ ಮೀನು ಸಿಕ್ಕ ಜಾಗ ಬೇರೆ ಬೋಟಿನವರಿಗೆ ಗೊತ್ತಾದರೆ ನಾಳೆ ಅಲ್ಲಿ ಹತ್ತು ಬೋಟ್ ಬಂದು ನಿಲ್ಲುತ್ತದೆ. ಆ ಜಾಗ ಹುಡುಕಲು ಅವರು ಡೀಸೆಲ್ ಸುಟ್ಟಿರುತ್ತಾರೆ, ನಿದ್ದೆ ಬಿಟ್ಟಿರುತ್ತಾರೆ. ಎಐಎಸ್‌ನಲ್ಲಂತೂ ಯಾರು ಬೇಕಾದರೂ ಯಾರ ಜಾಗವನ್ನು ಬೇಕಾದರೂ ನೋಡಬಹುದು. ಈ ಉಪಕರಣ ಹಾಗಲ್ಲ, ಮಾಹಿತಿ ಬೇರೆ ಬೋಟಿನವರಿಗೆ ಹೋಗುವುದಿಲ್ಲ ಅಂತ ವಿವರಿಸಿದೆವು. ಇಬ್ಬರು ಒಪ್ಪಿದರು, ಇಬ್ಬರು ತಲೆ ಮಾತ್ರ ಆಡಿಸಿದರು.

ಇದನ್ನು ಬೋಲ್ಟ್ ಬದಲಾಯಿಸಿದ ಹಾಗೆ ಬದಲಾಯಿಸಲು ಬರುವುದಿಲ್ಲ. ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮೀನುಗಾರಿಕೆ ದೋಣಿಗಳಿವೆ. ಕಡಲಿನಲ್ಲಿ ಏನು ನಡೆದರೂ ಮೊದಲು ಕಾಣುವುದು ಅವರಿಗೆ. ಅವರನ್ನು ಬರೀ ಕಾಯಬೇಕಾದ ಚುಕ್ಕಿಗಳು ಅಂತ ನೋಡಿದರೆ ಸ್ವಿಚ್ ಆಫ್ ಆಗುತ್ತದೆ. ದಡದಿಂದ ಅವರಿಗೆ ಏನಾದರೂ ವಾಪಸ್ ಬರಬೇಕು: ಗಾಳಿಯ ಮುನ್ಸೂಚನೆ, ಮನೆಯವರ ಒಂದು ಸಂದೇಶ, ಎಂಜಿನ್ ಕೆಟ್ಟರೆ ಹತ್ತಿರದ ಬೋಟ್ ಯಾವುದು ಎನ್ನುವ ಮಾಹಿತಿ. ಎರಡೂ ಕಡೆ ಮಾತು ಹೋಗುವ ಉಪಕರಣದ ಮೇಲೆ ನನಗೆ ನಂಬಿಕೆ ಇರುವುದು ಅದಕ್ಕೇ. ನಮ್ಮ ಡಬ್ಬಿಯೊಳಗಿನ ಮುಂದಿನ ಸರ್ಕ್ಯೂಟ್‌ನಲ್ಲಿ ಅದು ಇರುತ್ತದೆ ಅಂತ ಕಂಪನಿಯವರು ಹೇಳಿದ್ದಾರೆ.

ಅಲ್ಲಿಯವರೆಗೆ ನಮ್ಮ ವರ್ಕ್‌ಶಾಪ್ ಸೂರಿನ ಮೇಲೆ ಒಂದು ಪ್ರಯೋಗ ನಡೆಯುತ್ತಿದೆ. ಹಳೆಯ ಏರ್ ಕಂಪ್ರೆಸರ್ ಒಂದನ್ನು ಮೇಲಕ್ಕೆ ಸಾಗಿಸಿ, ಅದರ ಮೇಲೆ ಪೂರ್ತಿ ಜೋಡಿಸಿದ ಒಂದು ಡಬ್ಬಿಯನ್ನು ಬ್ರ್ಯಾಕೆಟ್ ಸಮೇತ ಕೂರಿಸಿದ್ದೇವೆ. ಕಂಪ್ರೆಸರ್ ನಡುಗುತ್ತದೆ, ಮೇಲೆ ಬಿಸಿಲು. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಕಾದಿರುವಾಗ ಒಂದು ಸಲ ಹೆಲ್ಪರ್ ಹುಡುಗ ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಿಂದ ಉಪ್ಪುನೀರು ಹೊಡೆಯುತ್ತಾನೆ. ಮೊದಲು ಅಡುಗೆ ಉಪ್ಪು ಕಲಸಿ ಹೊಡೆಯುತ್ತಿದ್ದೆವು. ವಿಷಯ ಕೇಳಿದ ತಾಂಡೇಲರು ಅದು ಸಮುದ್ರ ಅಲ್ಲ ಮಾರಾಯ್ರೆ ಅಂತ ಹೇಳಿ, ತುಮಕೂರಿಗೆ ಮೀನು ತರುವ ಲಾರಿಯಲ್ಲಿ 20 ಲೀಟರ್‌ನ ಎರಡು ಕ್ಯಾನ್ ಸಮುದ್ರದ ನೀರು ಕಳಿಸಿಕೊಟ್ಟರು. ಈಗ ತಿಂಗಳಿಗೊಮ್ಮೆ ಬರುತ್ತದೆ.

ಇವತ್ತಿಗೆ 74ನೇ ದಿನ. ಬೋಲ್ಟ್ ಸುತ್ತ ಏನೂ ಇಲ್ಲ. ನೀರು ಅರ್ಧ ಕ್ಯಾನ್ ಉಳಿದಿದೆ. ಲಾರಿ ನಾಳೆ ಬೆಳಗಿನ ಜಾವ ಬರುತ್ತದೆ, ಖಾಲಿ ಕ್ಯಾನ್‌ಗಳನ್ನು ತೊಳೆದು ಬಾಗಿಲ ಹತ್ತಿರ ಇಟ್ಟಿದ್ದೇವೆ.